ಗಣಿತವೋ ಭೌತಶಾಸ್ತ್ರವೋ: ಪಿಯುಸಿ ಅಂಕ ನೋಡಿ ತೀರ್ಮಾನಿಸಬೇಡಿ

ದ್ವಿತೀಯ ಪಿಯುಸಿ ಗಣಿತದಲ್ಲಿ ನೂರಕ್ಕೆ ನೂರು ತೆಗೆದವರು ಬಿಎಸ್ಸಿಯ ರಿಯಲ್ ಅನಾಲಿಸಿಸ್ (ಕಲನದ ಸೂತ್ರಗಳನ್ನು ಬುಡದಿಂದ ಸಾಧಿಸುವ ವಿಷಯ) ತರಗತಿಯಲ್ಲಿ ಕಂಗಾಲಾಗುವುದುಂಟು. ಬುದ್ಧಿ ಕಡಿಮೆಯಾಗಿ ಅಲ್ಲ. ಪಿಯುಸಿಯಲ್ಲಿ ಅವರು ಮಾಡಿದ್ದು ಬಹುಪಾಲು ಲೆಕ್ಕ. ಸೂತ್ರ ನೆನಪಿದ್ದು ಕೈ ಓಡಿದರೆ ಅಂಕ ಬರುತ್ತದೆ. ಶುದ್ಧ ಗಣಿತದಲ್ಲಿ ಆ ಸೂತ್ರ ಏಕೆ ನಿಜ ಎಂದು ತೋರಿಸುವುದೇ ಕೆಲಸ. ಹಾಗಾಗಿ ಅಂಕಪಟ್ಟಿ ಬದಿಗಿಟ್ಟು, ಎಂಥ ಉತ್ತರ ಸಿಕ್ಕಾಗ ನಿಮಗೆ ಸಮಾಧಾನವಾಗುತ್ತದೆ ಎಂದು ನೋಡಿಕೊಳ್ಳಿ.

ಒಂದು ಮೀಟರ್ ದಾರಕ್ಕೆ ಗುಂಡು ಕಟ್ಟಿದ ಲೋಲಕ (ಪೆಂಡುಲಮ್) ತೆಗೆದುಕೊಳ್ಳೋಣ. ಒಂದು ಆಂದೋಲನಕ್ಕೆ ಸುಮಾರು 2 ಸೆಕೆಂಡು ಎಂದು ಪುಸ್ತಕದ ಸೂತ್ರ ಹೇಳುತ್ತದೆ. ಗುಂಡು ತೂಗುವ ಕೋನ ಚಿಕ್ಕದಿದ್ದಾಗ ಅದರ ಸೈನ್ ಬದಲು ಕೋನವನ್ನೇ ಬರೆದದ್ದರಿಂದ ಆ ಸೂತ್ರ ಅಷ್ಟು ಸರಳವಾಗಿದೆ. ಇದರಿಂದಾಗುವ ತಪ್ಪು 5 ಡಿಗ್ರಿಗೆ ಶೇ 0.05, 30 ಡಿಗ್ರಿಗೆ ಶೇ 1.7. ಇಪ್ಪತ್ತು ಆಂದೋಲನಕ್ಕೆ 40 ಸೆಕೆಂಡು. ಸ್ಟಾಪ್‌ವಾಚ್ ಒತ್ತುವಾಗ ಕೈ 0.2 ಸೆಕೆಂಡು ಹಿಂದೆಮುಂದೆ ಆದರೆ ಅದೇ ಶೇ 0.5. ಅಂದರೆ 5 ಡಿಗ್ರಿಯ ತಪ್ಪು ಈ ಅಳತೆಗೆ ಸಿಗುವುದೇ ಇಲ್ಲ, 30 ಡಿಗ್ರಿಯದು ಸಿಗುತ್ತದೆ. ದಾರವನ್ನು ಗುಂಡಿನ ಮಧ್ಯದವರೆಗೆ ಅಳೆಯದೆ ಮೇಲಂಚಿಗೇ ನಿಲ್ಲಿಸಿ 1 ಸೆಂಟಿಮೀಟರ್ ಬಿಟ್ಟರೆ, ಅವಧಿಯಲ್ಲಿ ಇನ್ನೊಂದು ಶೇ 0.5 ತಪ್ಪು. ಯಾವ ತಪ್ಪು ದೊಡ್ಡದು, ಯಾವುದನ್ನು ಬಿಡಬಹುದು ಎಂದು ತೂಗುತ್ತಾ ಹೊತ್ತು ಹೋದದ್ದೇ ತಿಳಿಯದಿದ್ದರೆ ನಿಮ್ಮ ಮನಸ್ಸು ಭೌತಶಾಸ್ತ್ರದ ಕಡೆ ಇದೆ.

ದಾರದ ಬದಲು ಗಟ್ಟಿ ಕಡ್ಡಿ ಹಾಕಿ ಕೋನವನ್ನು 180 ಡಿಗ್ರಿಯ ಹತ್ತಿರಕ್ಕೆ ಒಯ್ದರೆ ಅವಧಿ ಎಲ್ಲೆಯಿಲ್ಲದೆ ಬೆಳೆಯುತ್ತದೆ. ಇದು ನಿಜ ಎಂದು ಹೇಗೆ ಸಾಧಿಸಿ ತೋರಿಸುವುದು? ನಿಖರ ಅವಧಿಯನ್ನು ಕೊಡುವ ಅನುಕಲವನ್ನು (ಇಂಟಿಗ್ರಲ್) ಪರಿಚಿತ ಫಲನಗಳಲ್ಲಿ (ಫಂಕ್ಷನ್) ಬರೆಯಲು ಏಕೆ ಬರುವುದಿಲ್ಲ? ಗುಂಡು, ದಾರ ಎಲ್ಲ ಮರೆತು ಈ ಪ್ರಶ್ನೆಗಳೇ ತಲೆಯಲ್ಲಿ ಕೂತರೆ ಗಣಿತ.

ಇನ್ನೊಂದು ಪರೀಕ್ಷೆಗೆ ಒಂದು ಸಂಜೆ ಸಾಕು. 2ರ ವರ್ಗಮೂಲ ಅಭಾಗಲಬ್ಧ, ಅಂದರೆ ಭಿನ್ನರಾಶಿಯಾಗಿ ಬರೆಯಲಾಗದ್ದು, ಎಂಬುದರ ಸಾಧನೆ (ಪುರಾವೆ) ಹತ್ತನೇ ತರಗತಿಯಲ್ಲೇ ಬಂದಿದೆ. ಪುಸ್ತಕ ಮುಚ್ಚಿ ಅದನ್ನು 3ಕ್ಕೆ ಬರೆಯಿರಿ. ಬಳಿಕ ಅದೇ ಸಾಲುಗಳನ್ನು 4ಕ್ಕೆ ಬರೆಯಿರಿ. 4ರ ವರ್ಗಮೂಲ 2, ಹಾಗಾಗಿ ಸಾಧನೆ ಎಲ್ಲೋ ಮುರಿಯಲೇಬೇಕು. ಎಲ್ಲಿ? ‘ವರ್ಗವನ್ನು 3 ಭಾಗಿಸಿದರೆ ಮೂಲ ಸಂಖ್ಯೆಯನ್ನೂ ಭಾಗಿಸುತ್ತದೆ’ ಎಂಬ ಸಾಲಿನಲ್ಲಿ. 3 ಅವಿಭಾಜ್ಯವಾದ್ದರಿಂದ ಅದು ನಿಲ್ಲುತ್ತದೆ. 4ಕ್ಕೆ ನಿಲ್ಲುವುದಿಲ್ಲ: 36ನ್ನು 4 ಭಾಗಿಸುತ್ತದೆ, 6ನ್ನು ಭಾಗಿಸುವುದಿಲ್ಲ. ಈ ಸಾಲನ್ನು ನೀವೇ ಹುಡುಕಿ ಹಿಡಿದು ಖುಷಿಪಟ್ಟರೆ ಅದು ಪಿಯುಸಿಯ ಯಾವ ಅಂಕಕ್ಕಿಂತಲೂ ಬಲವಾದ ಸುಳಿವು. ‘ಇದೆಲ್ಲ ಗೊತ್ತಿರುವುದೇ, ಸಾಧಿಸಿ ಏನಾಗಬೇಕು’ ಅನ್ನಿಸಿದರೂ ಅದು ಪ್ರಾಮಾಣಿಕ ಉತ್ತರವೇ. ಭೌತಶಾಸ್ತ್ರದಲ್ಲಿ ಆ ಸ್ವಭಾವಕ್ಕೆ ಜಾಗವಿದೆ.

ತೀರ್ಮಾನವಾಗದವರು ಎರಡನ್ನೂ ಜೊತೆಗೇ ಓದಿಸುವ ಕಡೆ ಸೇರಬೇಕು. ಬೆಂಗಳೂರಿನ ಐಐಎಸ್‌ಸಿಯ (ಭಾರತೀಯ ವಿಜ್ಞಾನ ಸಂಸ್ಥೆ) ನಾಲ್ಕು ವರ್ಷದ ಪದವಿಯಲ್ಲಿ ಮೊದಲ ಮೂರು ಸೆಮಿಸ್ಟರ್ ಎಲ್ಲರಿಗೂ ಎಲ್ಲ ವಿಜ್ಞಾನಗಳೂ ಇವೆ, ಮುಖ್ಯ ವಿಷಯದ ಆಯ್ಕೆ ಆಮೇಲೆ. ಚೆನ್ನೈ ಬಳಿ ಸಿರುಸೇರಿಯ ಸಿಎಂಐಯಲ್ಲಿ (ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್) ಗಣಿತ ಮತ್ತು ಭೌತಶಾಸ್ತ್ರ ಎರಡೂ ಸೇರಿದ ಪದವಿಯೇ ಇದೆ, ಆದರೆ ಪ್ರವೇಶ ಪರೀಕ್ಷೆ ಬರೀ ಗಣಿತದ್ದು. ಬೆಂಗಳೂರಿನ ಐಎಸ್‌ಐಯ (ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಬಿ.ಮ್ಯಾಥ್ ಪದವಿ ಗಣಿತವೇ ಎಂದು ಗಟ್ಟಿ ಮಾಡಿಕೊಂಡವರಿಗೆ. ಅದರ ಪ್ರವೇಶ ಪರೀಕ್ಷೆಯ ಎರಡನೇ ಪತ್ರಿಕೆಯಲ್ಲಿ ಎಂಟು ಪ್ರಶ್ನೆ, ಎರಡು ಗಂಟೆ, ಉತ್ತರವನ್ನು ಹಂತಹಂತವಾಗಿ ಬರೆದು ಸಮರ್ಥಿಸಬೇಕು. ಅಲ್ಲಿಗೆ ಸೇರುವ ಯೋಚನೆ ಇಲ್ಲದಿದ್ದರೂ ಒಂದು ಹಳೆಯ ಪತ್ರಿಕೆ ಹಿಡಿದು ಕೂತು ನೋಡಿ. ಎರಡು ಗಂಟೆಯಲ್ಲಿ ಒಂದೇ ಪ್ರಶ್ನೆ ಬಿಡಿಸಲು ಬಂದರೂ, ಮಿಕ್ಕವನ್ನು ಮರುದಿನವೂ ಬಿಡಲಾಗದಿದ್ದರೆ ಒಳ್ಳೆಯ ಲಕ್ಷಣ.

ಊರಿನ ಕಾಲೇಜಿನಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಮಾಡುವವರು ನಷ್ಟದಲ್ಲಿಲ್ಲ, ಎರಡೂ ವಿಷಯ ಕೈಯಲ್ಲೇ ಇರುತ್ತವೆ. ಎಡವುವುದು ಐಐಟಿ ಮುಂತಾದೆಡೆ ಎಂಎಸ್ಸಿ ಸೇರಲು ಜ್ಯಾಮ್ ಪ್ರವೇಶ ಪರೀಕ್ಷೆ ಬರೆಯುವಾಗ. ಗಣಿತ ಪತ್ರಿಕೆಗೆ ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜಿಬ್ರಾ, ಗ್ರೂಪ್ ಥಿಯರಿ ಬೇಕು. ಭೌತಶಾಸ್ತ್ರದ ಪತ್ರಿಕೆಗೆ ಮೆಕ್ಯಾನಿಕ್ಸ್, ವಿದ್ಯುತ್ಕಾಂತತೆ, ಕ್ವಾಂಟಂ, ಉಷ್ಣವಿಜ್ಞಾನ, ಎಲೆಕ್ಟ್ರಾನಿಕ್ಸ್ ಬೇಕು. ಎರಡಕ್ಕೂ ಒಟ್ಟಿಗೆ ಓದಲು ಹೋಗಿ ಎರಡೂ ಅರ್ಧಕ್ಕೆ ನಿಲ್ಲುತ್ತವೆ. ಪದವಿಯ ಎರಡನೇ ವರ್ಷ ಮುಗಿಯುವ ಹೊತ್ತಿಗೆ ಒಂದನ್ನು ಆರಿಸಿ.

ಕಪ್ಪುಕುಳಿ, ಸ್ಟ್ರಿಂಗ್ ಥಿಯರಿ ಕೇಳಿ ಭೌತಶಾಸ್ತ್ರಕ್ಕೆ ಬರುವವರು ಪ್ರಯೋಗಾಲಯವನ್ನು ಮರೆತಿರುತ್ತಾರೆ. ಮುಂದೆ ಥಿಯರಿ ಮಾಡುವವರೂ ಪದವಿಯಲ್ಲಿ ಸ್ಪೆಕ್ಟ್ರೋಮೀಟರ್‌ನಂಥ ಉಪಕರಣಗಳ ಮುಂದೆ ವರ್ಷಗಟ್ಟಲೆ ಕೂರಬೇಕು. ಅದು ಹಿಂಸೆ ಅನ್ನಿಸುವವರಿಗೆ ಗಣಿತದ ಬಾಗಿಲಿನಿಂದ ಹೋದರೂ ಅದೇ ವಿಷಯಗಳ ಹತ್ತಿರ ತಲುಪಲು ದಾರಿಯಿದೆ. ತಡವಾಗಿ ದಾರಿ ಬದಲಿಸಿದವರೂ ಇದ್ದಾರೆ. ಹೆಸರಾಂತ ಗಣಿತಜ್ಞ ಹರೀಶ್‌ಚಂದ್ರ ಅಲಹಾಬಾದಿನಲ್ಲಿ ಭೌತಶಾಸ್ತ್ರದ ಎಂಎಸ್ಸಿ ಮಾಡಿ, ಬೆಂಗಳೂರಿನ ಐಐಎಸ್‌ಸಿಯಲ್ಲಿ ಹೋಮಿ ಭಾಭಾ ಜೊತೆ ದುಡಿದು, ಕೇಂಬ್ರಿಡ್ಜ್‌ನಲ್ಲಿ ಭೌತವಿಜ್ಞಾನಿ ಡಿರಾಕ್ ಬಳಿ 1947ರಲ್ಲಿ ಪಿಎಚ್‌ಡಿ ಮುಗಿಸಿದರು. ಆಮೇಲೆಯೇ ಅವರು ಪೂರ್ತಿ ಗಣಿತಕ್ಕೆ ಬಂದದ್ದು.