ರೂನ್‌ಸ್ಕೇಪ್ ಕಥೆ ಮುಗಿಯಿತೇ? ಕಾಲು ಶತಮಾನದ ಆಟವೊಂದರ ಏಳುಬೀಳು

‘ರೂನ್‌ಸ್ಕೇಪ್ ಕಥೆ ಮುಗೀತು’ ಎಂಬ ಮಾತು 2007ರಲ್ಲಿ ಕೇಳಿಬಂತು, 2012ರಲ್ಲಿ ಕೇಳಿಬಂತು, ಈಗಲೂ ಕೇಳಿಬರುತ್ತಿದೆ. 2001ರ ಜನವರಿಯಲ್ಲಿ ಶುರುವಾದ, ಸಾವಿರಾರು ಜನ ಒಟ್ಟಿಗೆ ಆಡುವ ಈ ಆನ್‌ಲೈನ್ ಆಟ ಇಂದಿಗೂ ನಡೆಯುತ್ತಿದೆಯಲ್ಲ ಎಂದು ಈ ಮಾತನ್ನು ತಳ್ಳಿಹಾಕಬಹುದು. ಆದರೆ ಪ್ರತಿ ಸಲವೂ ಅದರ ಹಿಂದೆ ನಿಜವಾದ ನೋವಿತ್ತು. ಯಾರು, ಯಾವಾಗ, ಏಕೆ ಬಿಟ್ಟುಹೋದರು ಎಂದು ಸಾಲಾಗಿ ನೋಡುತ್ತ ಬಂದರೆ ನನಗೆ ಕಾಣುವ ಕಾರಣ ಒಂದೇ: ತಾವು ಪಟ್ಟ ಶ್ರಮಕ್ಕೆ ಬೆಲೆ ಹೋಯಿತು ಎಂದು ಅನಿಸಿದಾಗಲೆಲ್ಲ ಆಟಗಾರರು ಎದ್ದು ಹೋಗಿದ್ದಾರೆ.

ಇಂಗ್ಲೆಂಡಿನ ಆಂಡ್ರ್ಯೂ ಗೋವರ್ ತಮ್ಮ ಸಹೋದರ ಪಾಲ್ ಜೊತೆ ಸೇರಿ ಕಟ್ಟಿದ ಆಟ ಇದು. ಅವರ ಕಂಪನಿ ಜಾಗೆಕ್ಸ್ ಕೇಂಬ್ರಿಡ್ಜ್‌ನಲ್ಲಿದೆ. ಜಾವಾದಲ್ಲಿ ಬರೆದಿದ್ದರಿಂದ ಆಟ ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತಿತ್ತು. ಡೌನ್‌ಲೋಡ್ ಬೇಡ, ದುಬಾರಿ ಕಂಪ್ಯೂಟರ್ ಬೇಡ, ದುಡ್ಡೂ ಬೇಡ. 2002ರಲ್ಲಿ ಸದಸ್ಯತ್ವ ಶುಲ್ಕ ಬಂದರೂ ಉಚಿತವಾಗಿ ಆಡಲು ಬೇಕಾದಷ್ಟು ಉಳಿದಿತ್ತು.

ಆಟದ ಜೀವಾಳ ದುಡಿಮೆ. ಮರ ಕಡಿಯುವುದು, ಮೀನು ಹಿಡಿಯುವುದು, ಅದಿರು ಅಗೆಯುವುದು, ಪ್ರತಿಯೊಂದೂ ಒಂದೊಂದು ಕೌಶಲ. ಒಂದರಲ್ಲಿ 99ನೇ ಲೆವೆಲ್ ತಲುಪಲು 1,30,34,431 ಎಕ್ಸ್‌ಪಿ (ಅನುಭವದ ಅಂಕ) ಬೇಕು. ಒಂದು ಯೂ ಮರದ ದಿಮ್ಮಿಗೆ ಸಿಗುವುದು 175. ಎಲ್ಲವನ್ನೂ ಯೂ ದಿಮ್ಮಿಗಳಿಂದಲೇ ಗಳಿಸುತ್ತೇನೆಂದು ಹೊರಟರೆ 74 ಸಾವಿರಕ್ಕೂ ಹೆಚ್ಚು ದಿಮ್ಮಿ ಕಡಿಯಬೇಕು. 92ನೇ ಲೆವೆಲ್ ಮುಟ್ಟಿದಾಗಲೂ ದಾರಿ ಸವೆದಿರುವುದು ಅರ್ಧ ಮಾತ್ರ. ಹೊರಗಿನವರಿಗೆ ಇದು ಹುಚ್ಚು. ಆಡುವವರಿಗೆ ಮಾತ್ರ 99 ಮುಟ್ಟಿದವನು ಹೆಗಲಿಗೆ ಹಾಕಿಕೊಳ್ಳುವ ಕೇಪ್ ಎಷ್ಟು ರಾತ್ರಿಗಳ ಗಳಿಕೆ ಎಂದು ಗೊತ್ತು. ಮುಂದೆ ನಡೆದದ್ದೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ.

ಮೊದಲ ದೊಡ್ಡ ಪೆಟ್ಟು ಬಿದ್ದದ್ದು 2007ರ ಡಿಸೆಂಬರ್‌ನಲ್ಲಿ. ಆಟದ ಚಿನ್ನವನ್ನು ನಿಜವಾದ ಹಣಕ್ಕೆ ಮಾರುವ ದಂಧೆ ಆಗ ಜೋರಾಗಿತ್ತು. ದಂಧೆಕೋರರು ಕದ್ದ ಕ್ರೆಡಿಟ್ ಕಾರ್ಡ್‌ಗಳಿಂದ ಸದಸ್ಯತ್ವ ಕೊಳ್ಳುತ್ತಿದ್ದರು. ಇದರ ಬೇರು ಕೀಳಲು, ಮಾರಿದ ಚಿನ್ನ ಕೈಬದಲಾಗುವ ದಾರಿಗಳನ್ನೇ ಮುಚ್ಚಲು ಹೊರಟ ಜಾಗೆಕ್ಸ್, ಆಟದೊಳಗಿನ ವೈಲ್ಡರ್ನೆಸ್ ಎಂಬ ಪ್ರದೇಶದಲ್ಲಿ ಆಟಗಾರರು ಒಬ್ಬರನ್ನೊಬ್ಬರು ಕೊಂದು ಸಾಮಾನು ಗೆಲ್ಲುವ ಕಾಳಗವನ್ನೇ ತೆಗೆದುಹಾಕಿತು. 2008ರ ಜನವರಿಯಲ್ಲಿ ವಿನಿಮಯಕ್ಕೂ ಕಡಿವಾಣ ಬಿತ್ತು. ಇಬ್ಬರು ಕೊಟ್ಟು ತೆಗೆದುಕೊಳ್ಳುವ ವಸ್ತುಗಳ ಬೆಲೆಯಲ್ಲಿ ಹೆಚ್ಚು ಅಂತರವಿದ್ದರೆ ವ್ಯವಹಾರವೇ ಆಗುತ್ತಿರಲಿಲ್ಲ. ಗೆಳೆಯನಿಗೆ ಒಂದು ಒಳ್ಳೆಯ ಖಡ್ಗವನ್ನು ಸುಮ್ಮನೆ ಕೊಡುವುದೂ ಅಸಾಧ್ಯವಾಯಿತು. ಆಟದ ಊರುಗಳಲ್ಲೇ ಆಟಗಾರರು ಗುಂಪುಗೂಡಿ ಪ್ರತಿಭಟಿಸಿದರು. ಕಂಪನಿಯ ಕಷ್ಟ ನಿಜವೇ ಇತ್ತು, ಒಪ್ಪುತ್ತೇನೆ. ಆದರೆ ಕಳ್ಳರ ತಪ್ಪಿಗೆ ದಂಡ ತೆತ್ತವರು ಪ್ರಾಮಾಣಿಕವಾಗಿ ಆಡುತ್ತಿದ್ದವರು.

ಮೂರು ವರ್ಷಗಳ ನಂತರ ಮತದಾನ ನಡೆಯಿತು. 12 ಲಕ್ಷಕ್ಕೂ ಹೆಚ್ಚು ಮತ ಬಿತ್ತು, ನೂರಕ್ಕೆ 91ರಷ್ಟು ಹಳೆಯ ವ್ಯವಸ್ಥೆಯ ಪರ. 2011ರ ಫೆಬ್ರವರಿಯಲ್ಲಿ ವೈಲ್ಡರ್ನೆಸ್ ಮರಳಿತು, ಮುಕ್ತ ವಿನಿಮಯವೂ ಮರಳಿತು. ಅವುಗಳ ಹಿಂದೆಯೇ ಬಾಟ್‌ಗಳೂ ಬಂದವು. ಮನುಷ್ಯರಿಲ್ಲದೆ ತಾವಾಗಿಯೇ ಹಗಲೂ ರಾತ್ರಿ ಮರ ಕಡಿಯುವ ಈ ಖಾತೆಗಳು ಸರ್ವರ್‌ಗಳಲ್ಲಿ ತುಂಬಿಕೊಂಡವು. ಆ ವರ್ಷದ ಅಕ್ಟೋಬರ್‌ನಲ್ಲಿ ಜಾಗೆಕ್ಸ್ ಲಕ್ಷಗಟ್ಟಲೆ ಖಾತೆಗಳನ್ನು ಒಟ್ಟಿಗೆ ಕಿತ್ತುಹಾಕಿತು. ಜನ ಇಳಿದರೋ ಏರಿದರೋ ಎಂದು ಆ ಕಾಲದ ಆನ್‌ಲೈನ್ ಸಂಖ್ಯೆಯಿಂದ ತೀರ್ಮಾನಿಸುವವರು ಇದನ್ನು ಮರೆಯಬಾರದು. ಆ ಸಂಖ್ಯೆಯಲ್ಲಿ ಮನುಷ್ಯರೆಷ್ಟು, ಯಂತ್ರಗಳೆಷ್ಟು ಎಂದು ಬಿಡಿಸಿ ನೋಡುವುದು ಸುಲಭವಲ್ಲ.

ನಿಜವಾಗಿ ನಂಬಿಕೆ ಮುರಿದದ್ದು 2012ರಲ್ಲಿ. ವರ್ಷದ ಆರಂಭದಲ್ಲಿ ಸ್ಕ್ವೀಲ್ ಆಫ್ ಫಾರ್ಚೂನ್ ಎಂಬ ಅದೃಷ್ಟಚಕ್ರ ಬಂತು. ಕೆಲವೇ ವಾರಗಳಲ್ಲಿ ಅದನ್ನು ತಿರುಗಿಸುವ ಅವಕಾಶವನ್ನು ದುಡ್ಡಿಗೆ ಮಾರತೊಡಗಿದರು. ಚಕ್ರ ತಿರುಗಿಸಿದರೆ ಎಕ್ಸ್‌ಪಿ ಸಿಗುತ್ತಿತ್ತು! ಸಾವಿರಾರು ದಿಮ್ಮಿ ಕಡಿದು ಗಳಿಸಬೇಕಾದದ್ದು ಕಾರ್ಡ್ ಇದ್ದವನಿಗೆ ಕುಳಿತಲ್ಲೇ ದಕ್ಕುವುದಾದರೆ ಆ ಕೇಪ್‌ಗೆ ಏನು ಅರ್ಥ? ಅದೇ ವರ್ಷ ನವೆಂಬರ್‌ನಲ್ಲಿ ಎವಲ್ಯೂಷನ್ ಆಫ್ ಕಾಂಬ್ಯಾಟ್ ಎಂಬ ಅಪ್‌ಡೇಟ್ ಕಾಳಗದ ರೀತಿಯನ್ನೇ ಬದಲಿಸಿತು. ಒಂದು ಕ್ಲಿಕ್ ಮಾಡಿ ನೋಡುತ್ತ ಕೂರುತ್ತಿದ್ದ ಜಾಗದಲ್ಲಿ ಸಾಲು ಸಾಲು ಗುಂಡಿಗಳು ಬಂದವು. ವರ್ಷಗಟ್ಟಲೆ ಕಲಿತ ವಿದ್ಯೆ ಒಂದೇ ದಿನದಲ್ಲಿ ಕೆಲಸಕ್ಕೆ ಬಾರದಾಯಿತು. ಕುಸಿತ ಎಂಬ ಪದ ಈ ಆಟಕ್ಕೆ ಎಂದಾದರೂ ಸರಿಯಾಗಿ ಒಪ್ಪಿದ್ದರೆ ಅದು ಆ ಚಳಿಗಾಲದಲ್ಲಿ.

ಆಟವನ್ನು ಉಳಿಸಿದ್ದು ಒಂದು ಬ್ಯಾಕಪ್. 2007ರ ಆಗಸ್ಟ್‌ನಲ್ಲಿದ್ದ ಆಟದ ಒಂದು ಪ್ರತಿ ಕಂಪನಿಯ ಬಳಿ ಉಳಿದಿತ್ತು. ಅದನ್ನು ಮತ್ತೆ ತೆರೆಯಬೇಕೇ ಎಂದು 2013ರ ಫೆಬ್ರವರಿಯಲ್ಲಿ ಮತ ಕೇಳಿದಾಗ ಸುಮಾರು ನಾಲ್ಕೂವರೆ ಲಕ್ಷ ಜನ ಹೌದೆಂದರು. ಹೀಗೆ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಹುಟ್ಟಿತು. ನೆನಪಿನ ಹಂಬಲ ಆರು ತಿಂಗಳಲ್ಲಿ ಆರಿಹೋಗುತ್ತದೆ ಎಂದು ಅನೇಕರು ಅಂದುಕೊಂಡಿದ್ದರು. ಹಾಗಾಗಲಿಲ್ಲ. ಹೊಸದೇನೇ ಸೇರಿಸುವುದಿದ್ದರೂ ಆಟಗಾರರ ಮತಕ್ಕೆ ಹಾಕಬೇಕು, ನೂರಕ್ಕೆ 75 ಒಪ್ಪಿಗೆ ಬೇಕು ಎಂಬ ನಿಯಮ ಅಲ್ಲಿ ಬಂತು. ಈ ಮಿತಿ ಮುಂದೆ 70ಕ್ಕೆ ಇಳಿಯಿತು. ಹಳೆಯ ನಕ್ಷೆಗಿಂತ ಈ ನಿಯಮವೇ ಜನರನ್ನು ಹಿಡಿದಿಟ್ಟಿತು ಎಂಬುದು ನನ್ನ ದೃಢ ನಂಬಿಕೆ. ತಮ್ಮನ್ನು ಕೇಳದೆ ತಮ್ಮ ಗಳಿಕೆಗೆ ಕೈಹಾಕುವುದಿಲ್ಲ ಎಂಬ ಭರವಸೆ ಅದರಲ್ಲಿತ್ತು.

2018ರ ಅಕ್ಟೋಬರ್‌ನಲ್ಲಿ ಓಲ್ಡ್ ಸ್ಕೂಲ್ ಮೊಬೈಲ್‌ಗೂ ಬಂತು. ಕಂಪ್ಯೂಟರ್‌ನಲ್ಲಿ ಬಿಟ್ಟ ಕೆಲಸವನ್ನು ಅದೇ ಖಾತೆಯಲ್ಲಿ ಫೋನಿನಲ್ಲಿ ಮುಂದುವರಿಸಬಹುದಾಯಿತು. 2025ರಲ್ಲಿ ಏಕಕಾಲಕ್ಕೆ ಆಡುತ್ತಿದ್ದವರ ಸಂಖ್ಯೆ 2 ಲಕ್ಷ ದಾಟಿತು. ಅದೇ ವರ್ಷದ ನವೆಂಬರ್‌ನಲ್ಲಿ, ಆಟಗಾರರೇ ಮತ ಹಾಕಿ ಆರಿಸಿದ್ದ ಸೇಲಿಂಗ್ ಎಂಬ ಹೊಚ್ಚಹೊಸ ಕೌಶಲ ಸೇರಿತು.

ಹಾಗಾದರೆ ಕುಸಿತದ ಮಾತು ಸುಳ್ಳೇ? ಯಾವ ರೂನ್‌ಸ್ಕೇಪ್ ಎಂದು ಮೊದಲು ಕೇಳಬೇಕು. 2001ರ ಮೂಲ ರೂಪವಾದ ಕ್ಲಾಸಿಕ್‌ನ ಸರ್ವರ್‌ಗಳು 2018ರ ಆಗಸ್ಟ್‌ನಲ್ಲಿ ಮುಚ್ಚಿಹೋದವು. 2013ರಿಂದ ರೂನ್‌ಸ್ಕೇಪ್ 3 ಎಂದು ಹೆಸರಾದ ಮುಖ್ಯ ಆಟ ಓಲ್ಡ್ ಸ್ಕೂಲ್‌ಗಿಂತ ಬಹಳ ಹಿಂದೆ ಬಿದ್ದಿದೆ. ಅಲ್ಲಿ ಅದೃಷ್ಟಚಕ್ರದ ಜಾಗಕ್ಕೆ 2014ರಲ್ಲಿ ಟ್ರೆಷರ್ ಹಂಟರ್ ಬಂದು, ಹೆಸರಷ್ಟೇ ಬದಲಾಗಿ ವ್ಯಾಪಾರ ಮುಂದುವರಿಯಿತು. ಹೊಸಬರು ಬರಲಿಲ್ಲ, ಹಳಬರು ಬೇಸತ್ತರು. ಇದು ಕುಸಿತವೇ, ಬೇರೆ ಹೆಸರಿಲ್ಲ.

2025ರ ಕೊನೆಯಲ್ಲಿ ಜಾಗೆಕ್ಸ್ ಕೊನೆಗೂ ಆ ಗಾಯಕ್ಕೆ ಕೈಹಚ್ಚಿತು. 1 ಲಕ್ಷ ಮತ ಬಂದರೆ ಟ್ರೆಷರ್ ಹಂಟರ್ ತೆಗೆದುಹಾಕುತ್ತೇವೆ ಎಂದಿತು, ಮತಗಳು ಬಂದವು. ಆದರೆ ಹದಿಮೂರು ವರ್ಷ ದುಡ್ಡಿಗೆ ಮಾರಿದ ಎಕ್ಸ್‌ಪಿ ಖಾತೆಗಳಲ್ಲಿ ಹಾಗೆಯೇ ಉಳಿದಿದೆ. ಬೆವರಿಳಿಸಿ 99 ಮುಟ್ಟಿದವರು, ಕೊಂಡು ಮುಟ್ಟಿದವರು ಇಬ್ಬರೂ ಅಲ್ಲಿ ಒಂದೇ ಕೇಪ್ ಹೊದ್ದು ಓಡಾಡುತ್ತಿದ್ದಾರೆ. ಬಿಟ್ಟುಹೋದವರನ್ನು ಮರಳಿ ಕರೆಯುವ ಮೊದಲು ರೂನ್‌ಸ್ಕೇಪ್ 3 ಇದಕ್ಕೊಂದು ಉತ್ತರ ಕಂಡುಕೊಳ್ಳಬೇಕು.