ಉಣುಗು ಕೂತಿರುವುದು ಜಗುಲಿಯ ಸಂದಿನಲ್ಲಿ

ಕಳೆದ ಚಳಿಗಾಲದ ಒಂದು ಬೆಳಗ್ಗೆ ತೀರ್ಥಹಳ್ಳಿ ಕಡೆಯ ಅಡಕೆ ಬೆಳೆಗಾರರೊಬ್ಬರು ಶಿವಮೊಗ್ಗದ ನನ್ನ ಚಿಕಿತ್ಸಾಲಯಕ್ಕೆ ಧಾವಿಸಿ ಬಂದರು. ಜೀಪಿನ ಹಿಂಬದಿಯಲ್ಲಿ ಗೋಣಿಯ ಮೇಲೆ ಅವರ ನಾಯಿ ಕರಿಯ ಮಲಗಿದ್ದ. ಬಾಯಿಯಿಂದ ಜೊಲ್ಲು ಸುರಿಯುತ್ತಿತ್ತು, ಹಿಂಗಾಲುಗಳು ಅದುರುತ್ತಿದ್ದವು. "ಉಣುಗು ವಿಪರೀತ ಆಗಿತ್ತು ಡಾಕ್ಟರೇ. ಪೇಟೆ ಔಷಧಿ ಬೇಡವೆಂದು ಹೊಗೆಸೊಪ್ಪು ಕುದಿಸಿ ಮೈಗೆ ಹಚ್ಚಿದೆ" ಎಂದರು. ಹೊಗೆಸೊಪ್ಪಿನ ನಿಕೋಟಿನ್ ಚರ್ಮದಿಂದಲೂ ಇಳಿಯುತ್ತದೆ, ನಾಯಿ ಮೈ ನೆಕ್ಕಿಕೊಂಡಾಗ ಹೊಟ್ಟೆಗೂ ಸೇರುತ್ತದೆ. ಸೋಪು ಹಾಕಿ ಮೂರು ಸಲ ಮೈ ತೊಳೆದು, ಡ್ರಿಪ್ ಕೊಟ್ಟು, ಸಂಜೆಯವರೆಗೆ ಇಟ್ಟುಕೊಂಡೆವು. ಕರಿಯ ಬದುಕಿದ. ತೊಳೆಯುವಾಗ ಕಿವಿ ಮಡಚಿ ನೋಡಿದರೆ ಉಣುಗುಗಳು ಜೀವಂತವಾಗಿಯೇ ಕಚ್ಚಿಕೊಂಡಿದ್ದವು.

ವಿಷವಿಲ್ಲದ ದಾರಿ ಬೇಕೆಂದು ಕೇಳುವವರ ಜೊತೆ ನಾನಿದ್ದೇನೆ. ಅಂಗಳದಲ್ಲಿ ಬಾವಿ, ಪಕ್ಕದಲ್ಲಿ ಜೇನುಪೆಟ್ಟಿಗೆ, ನಾಯಿಯ ಕುತ್ತಿಗೆ ತಬ್ಬಿಕೊಂಡು ಆಡುವ ಮಗು ಇರುವ ಮನೆಯಲ್ಲಿ ಕಂಡಕಂಡಲ್ಲಿ ಕೀಟನಾಶಕ ಸಿಂಪಡಿಸುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ಗಿಡದಿಂದ ಬಂದದ್ದೆಲ್ಲ ನಾಯಿಗೆ ಹಿತವೆಂದು ನಂಬಬೇಡಿ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣನ್ನೇ ಸುಡುತ್ತದೆ. ಬೆಳ್ಳುಳ್ಳಿ ತಿನ್ನಿಸಿದರೆ ನಾಯಿಯ ಕೆಂಪು ರಕ್ತಕಣಗಳು ಒಡೆಯುತ್ತವೆ. ಕರ್ಪೂರ, ಸೀಮೆಎಣ್ಣೆಗಳನ್ನು ಹತ್ತಿರವೂ ತರಬೇಡಿ.

ಈ ಕಾಟದ ಮೂಲ ಇರುವುದು ನಾಯಿ ಮಲಗುವ ಜಾಗದಲ್ಲಿ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಕಂದು ನಾಯಿ ಉಣುಗು ತನ್ನ ಬದುಕಿನಲ್ಲಿ ಮೂರು ಸಲ ನಾಯಿಯ ಮೈ ಹತ್ತುತ್ತದೆ, ಮೂರು ಸಲವೂ ಹೊಟ್ಟೆ ತುಂಬಿದ ಮೇಲೆ ಕೆಳಗೆ ಬೀಳುತ್ತದೆ. ರಕ್ತ ಹೀರಿ ಊದಿದ ಹೆಣ್ಣು ಉಣುಗು ಬಿದ್ದಲ್ಲಿಂದ ಗೋಡೆ ಹತ್ತಿ, ಜಂಬಿಟ್ಟಿಗೆಯ ಸಂದನ್ನೋ ಬಾಗಿಲ ಚೌಕಟ್ಟಿನ ಬಿರುಕನ್ನೋ ಹುಡುಕಿ, ಅಲ್ಲಿ 1,000ದಿಂದ 4,000ದವರೆಗೂ ಮೊಟ್ಟೆ ಇಟ್ಟು ಸಾಯುತ್ತದೆ. ನಾಯಿಗೆ ಏನು ಹಚ್ಚಿದರೂ ಆ ಸಂದಿಗೆ ತಲುಪುವುದಿಲ್ಲ. ಟಾರ್ಚ್ ಹಿಡಿದು ಜಗುಲಿಯ ಮೂಲೆಗಳನ್ನು ಒಮ್ಮೆ ನೋಡಿ. ಸಾಸಿವೆಯ ಸಿಪ್ಪೆಯಂಥ ಸಣ್ಣ ಮರಿಗಳು ಸಾಲುಗಟ್ಟಿ ಮೇಲೇರುವುದು ಕಂಡರೆ ಕೆಲಸ ಅಲ್ಲಿಂದಲೇ ಶುರುವಾಗಬೇಕು. ಗಟ್ಟಿ ಬ್ರಷ್‌ನಿಂದ ಸಂದು ಕೆರೆದು, ಕುದಿಯುವ ನೀರು ಹುಯ್ದು, ಒಣಗಿದ ಮೇಲೆ ಸಿಮೆಂಟೋ ಮಣ್ಣೋ ಮೆತ್ತಿ ಮುಚ್ಚಿ. ಉಳಿದ ಮೊಟ್ಟೆಗಳು ಒಡೆದು ಮರಿಗಳು ಮತ್ತೆ ಬರುತ್ತವೆ. ಆದ್ದರಿಂದ ಹತ್ತು ದಿನಕ್ಕೊಮ್ಮೆಯಂತೆ ಎರಡು ಮೂರು ತಿಂಗಳು ಬಿಡದೆ ಮಾಡಬೇಕು. ಇದು ಬೇಸರದ ಕೆಲಸವೇ ಸರಿ, ಆದರೆ ಫಲ ಸಿಗುವುದು ಇದರಿಂದಲೇ.

ಚಿಗಟದ ಲೆಕ್ಕ ಬೇರೆ. ದೊಡ್ಡ ಚಿಗಟ ನಾಯಿಯ ಮೈಮೇಲೇ ಇರುತ್ತದೆ, ಆದರೆ ದಿನಕ್ಕೆ 40-50ರಂತೆ ಅದು ಇಡುವ ಮೊಟ್ಟೆಗಳು ನಯವಾಗಿರುವುದರಿಂದ ಜಾರಿ ಹಾಸಿಗೆಗೆ ಬೀಳುತ್ತವೆ. ಹೊರಬಂದ ಹುಳುಗಳು ನಾಯಿಯ ಮೈಯಿಂದ ಉದುರಿದ ಚಿಗಟದ ಹಿಕ್ಕೆಯನ್ನು ತಿಂದು ಬೆಳೆದು ಗೂಡು ಕಟ್ಟುತ್ತವೆ. ಗೂಡಿನೊಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಕಾಲಸಪ್ಪಳದ ಅದುರು, ಮೈಯ ಬಿಸಿ ತಾಗಿದರೆ ಥಟ್ಟನೆ ಹೊರಬರುತ್ತದೆ. ಬೆಂಗಳೂರಿನಿಂದ ದೀಪಾವಳಿಗೆ ಬಂದು ಮುಚ್ಚಿದ ಮನೆಯ ಬೀಗ ತೆಗೆದವರ ಕಾಲಿಗೆ ಚಿಗಟ ಮುತ್ತುವುದು ಇದರಿಂದ. ಹುಳು ಬದುಕಲು ತೇವ ಬೇಕು, ನಮ್ಮ ಮಳೆಗಾಲ ಅದನ್ನು ಧಾರಾಳವಾಗಿ ಕೊಡುತ್ತದೆ. ಹೀಗಾಗಿ ಬಿಸಿಲು ಬಿದ್ದ ದಿನವೇ ಗೋಣಿಯನ್ನು ಕುದಿನೀರಿನಲ್ಲಿ ಅದ್ದಿ, ಅಂಗಳದಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ. ಬಿಸಿಲೇ ಕಾಣದ ಆಷಾಢದಲ್ಲಿ ಒಲೆಯ ಅಟ್ಟ ಇದೆಯಲ್ಲ, ಅಲ್ಲಿ ಒಣಗಲಿ.

ಚಿಗಟ ಕಣ್ಣಿಗೆ ಬೀಳದಿದ್ದರೆ ಹೀಗೆ ಪತ್ತೆ ಮಾಡಿ. ಸೀರಣಿಗೆಯಿಂದ ನಾಯಿಯ ಬಾಲದ ಬುಡ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಗೆ ಒತ್ತಿ. ಪುಡಿಯ ಸುತ್ತ ಕೆಂಪು ಹರಡಿದರೆ ಅದು ಮಣ್ಣಲ್ಲ, ನಿಮ್ಮ ನಾಯಿಯ ಜೀರ್ಣವಾದ ರಕ್ತ. ಬಾಚಿದ ಚಿಗಟವನ್ನು ಸೋಪಿನ ನೀರಿಗೆ ಹಾಕಿ. ಸ್ನಾನ ಮಾಡಿಸುವಾಗ ಮೊದಲು ಕುತ್ತಿಗೆಯ ಸುತ್ತ ದಪ್ಪ ನೊರೆ ಕಟ್ಟಿ, ಇಲ್ಲವಾದರೆ ನೀರು ಬಿದ್ದೊಡನೆ ಅವು ಕಿವಿಯ ಕಡೆ ಓಡುತ್ತವೆ.

ಬೇವಿನ ಎಣ್ಣೆಯನ್ನು ನಾನೂ ಹೇಳಿಕೊಡುತ್ತೇನೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಎಣ್ಣೆ, ಅದು ಬೆರೆಯಲು ಸ್ವಲ್ಪ ಅಂಟುವಾಳದ ನೊರೆ. ಮೊದಲ ದಿನ ಅಂಗೈಯಗಲ ಜಾಗಕ್ಕೆ ಮಾತ್ರ ಹಚ್ಚಿ, ಮರುದಿನ ಕೆಂಪಾಗಿಲ್ಲವೆಂದು ನೋಡಿ ಮುಂದುವರಿಸಿ. ಕಣ್ಣಿಗೆ, ಗಾಯಕ್ಕೆ ತಾಗಬಾರದು, ಒಣಗುವವರೆಗೆ ನೆಕ್ಕಲು ಬಿಡಬಾರದು. ಸಣ್ಣ ಮರಿಗಳಿಗೆ, ಬೆಕ್ಕಿಗೆ ಬೇಡ. ಇದು ಹೊಸ ಉಣುಗು ಹತ್ತುವುದನ್ನು ಸ್ವಲ್ಪ ಹೊತ್ತು ತಡೆದೀತು, ಕಚ್ಚಿ ಕೂತದ್ದನ್ನು ಬೀಳಿಸುವುದಿಲ್ಲ.

ಕಚ್ಚಿದ್ದನ್ನು ಕೈಯಿಂದಲೇ ತೆಗೆಯಬೇಕು, ಅದೂ ದಿನಾ ಸಂಜೆ. ಕಿವಿಯೊಳಗೆ, ಕಾಲ್ಬೆರಳ ಸಂದಿನಲ್ಲಿ, ಕೊರಳಪಟ್ಟಿಯ ಅಡಿ, ಬಾಲದ ಕೆಳಗೆ ಬೆರಳಾಡಿಸಿ. ಗ್ಲೌಸ್ ಹಾಕಿಕೊಂಡು, ಹುಬ್ಬು ಕೀಳುವ ಚಿಮುಟದಿಂದ ಚರ್ಮಕ್ಕೆ ತೀರಾ ಹತ್ತಿರ, ಅದರ ಬಾಯಿಯ ಬುಡದಲ್ಲೇ ಹಿಡಿದು ನಿಧಾನವಾಗಿ ನೇರಕ್ಕೆ ಎಳೆಯಿರಿ. ಬೀಡಿಯಿಂದ ಸುಡುವುದು, ಎಣ್ಣೆ ಬಿಡುವುದು ಮಾಡಿದರೆ ಅದು ತನ್ನ ಹೊಟ್ಟೆಯಲ್ಲಿರುವುದನ್ನು ನಾಯಿಯ ಮೈಗೆ ಕಕ್ಕಬಹುದು. ಉಗುರಿನಿಂದ ಚಿಟುಕಿಸಬೇಡಿ, ಸ್ಪಿರಿಟ್ಟಿನ ಶೀಶೆಗೆ ಹಾಕಿ. ಉಣುಗು ಹರಡುವ ಬಬೇಸಿಯಾ ಎಂಬ ರೋಗಾಣು ಕಚ್ಚಿದ ಮೇಲೆ ನಾಯಿಯ ರಕ್ತ ಸೇರಲು ಸಾಮಾನ್ಯವಾಗಿ ಎರಡು ಮೂರು ದಿನ ಹಿಡಿಯುತ್ತದೆ, ದಿನಾ ಹುಡುಕಿ ತೆಗೆದರೆ ಅದಕ್ಕೆ ಅವಕಾಶವೇ ಸಿಗದು. ಉಣುಗೇ ಹರಡುವ ಇನ್ನೊಂದು ರೋಗಾಣು ಎರ್ಲಿಕಿಯಾಗೆ ಕೆಲವೇ ಗಂಟೆ ಸಾಕು. ಹಾಗಾಗಿ ನಾಯಿ ಊಟ ಬಿಟ್ಟರೆ, ಮೈ ಸುಟ್ಟರೆ, ಮೂಗಿನಲ್ಲಿ ರಕ್ತ ಬಂದರೆ, ತುಟಿ ಎತ್ತಿ ನೋಡಿದಾಗ ವಸಡು ಸುಣ್ಣದಂತೆ ಬಿಳಿಚಿದ್ದರೆ ಮನೆಮದ್ದು ನಿಲ್ಲಿಸಿ, ಅದೇ ದಿನ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಮೈತುಂಬ ಉಣುಗು ಮುತ್ತಿದ ನಾಯಿಗೂ ವೈದ್ಯರು ತೂಕ ನೋಡಿ ಕೊಡುವ ಔಷಧಿಯೇ ಬೇಕು. ಅಲ್ಲಿ ನಾನು ಹಿಂಜರಿಯುವುದಿಲ್ಲ.

ಮಲೆನಾಡಿನವರಿಗೆ ಇನ್ನೊಂದು ಮಾತು ಹೇಳಲೇಬೇಕು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಾಗರ ತಾಲ್ಲೂಕಿನ ಅರಳಗೋಡು 2019ರ ಆರಂಭದಲ್ಲಿ ಇದೇ ಕಾಯಿಲೆಯಿಂದ ಅನುಭವಿಸಿದ್ದನ್ನು ಯಾರೂ ಮರೆತಿಲ್ಲ. ಅದನ್ನು ಹರಡುವುದು ಕಾಡಿನ ಉಣುಗು, ಮನುಷ್ಯರಿಗೆ ಕಚ್ಚುವುದು ಹೆಚ್ಚಾಗಿ ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣ ಮರಿ. ನವೆಂಬರ್‌ನಿಂದ ಮೇವರೆಗೆ ಸೊಪ್ಪಿನಬೆಟ್ಟಕ್ಕೆ ಹೋಗುವಾಗ ನಾಯಿಯನ್ನು ಕಟ್ಟಿಹಾಕಿ ಹೋಗಿ. ಅದು ಕಾಡು ಸುತ್ತಿ ಬಂದರೆ ಒಳಗೆ ಬಿಡುವ ಮೊದಲು ಅಂಗಳದಲ್ಲೇ ಮೈ ಹುಡುಕಿ. ಕೊಟ್ಟಿಗೆಗೆ ತರುವ ತರಗೆಲೆಯ ಹೊರೆಯಲ್ಲೂ ಉಣುಗು ಬರುತ್ತದೆ, ಆ ರಾಶಿಯ ಮೇಲೆ ನಾಯಿ ಮಲಗದಂತೆ ನೋಡಿಕೊಳ್ಳಿ. ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ನಿಮ್ಮ ಕೈಕಾಲಿಗೆ, ಅದನ್ನು ನಾಯಿಗೆ ಹಚ್ಚಬೇಡಿ. ಹತ್ತಿರದಲ್ಲಿ ಮಂಗ ಸತ್ತು ಬಿದ್ದಿದ್ದರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ನಿಮಗೇ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಲ್ಲಿನ ವೈದ್ಯರಿಗೆ ಮೊದಲ ಮಾತಿನಲ್ಲೇ ಕಾಡಿಗೆ ಹೋಗಿದ್ದನ್ನೂ ಉಣುಗು ಕಚ್ಚಿದ್ದನ್ನೂ ಹೇಳಿ.