ನಾಲ್ಕು ಕೋರ್‌ಗಳ ಹತ್ತು ವರ್ಷ

2017ರ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಮದುವೆ ವಿಡಿಯೋ ಸ್ಟುಡಿಯೋದವರೊಬ್ಬರು ಎಡಿಟಿಂಗ್‌ಗೆ ಹೊಸ ಕಂಪ್ಯೂಟರ್ ಬೇಕೆಂದು ಶಿವಮೊಗ್ಗದ ನನ್ನ ಅಂಗಡಿಗೆ ಬಂದಾಗ, ನಾನು ಬರೆದುಕೊಟ್ಟ ಕೊಟೇಶನ್ನಿನ ಮೊದಲ ಸಾಲಿನಲ್ಲೇ, ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಚಿಪ್ಪಿನ ಹೆಸರಿನ ಮೇಲೆ, ಅವರ ಬೆರಳು ನಿಂತಿತು. “ಎಎಂಡಿ ಬೇಡ ಮಾರಾಯ್ರೆ, ಅದು ಬಿಸಿ ಆಗ್ತದಂತೆ. ಇಂಟೆಲ್ಲೇ ಹಾಕಿಕೊಡಿ” ಎಂದರು. ಪ್ರೊಸೆಸರ್ ಮಾರುವ ಎದುರಾಳಿ ಕಂಪನಿಗಳು ಇವೆರಡು. ಆ ಮಾತನ್ನು ಅವರಿಗೆ ಕಲಿಸಿದವನು ಬಹುಶಃ ನಾನೇ. ಅದಕ್ಕೆ ಆರೇಳು ವರ್ಷ ಮೊದಲಿನಿಂದಲೂ ಕೌಂಟರಿನ ಈಚೆ ನಿಂತು ಗಿರಾಕಿಗಳಿಗೆ ನಾನು ಹೇಳುತ್ತಿದ್ದದ್ದು ಅದನ್ನೇ, ಮತ್ತು ಆಗ ಅದು ಸುಳ್ಳೂ ಆಗಿರಲಿಲ್ಲ. 2011ರಲ್ಲಿ ಎಎಂಡಿ ಬಿಟ್ಟ ಬುಲ್ಡೋಜರ್ ಸರಣಿ ಹೆಚ್ಚು ವಿದ್ಯುತ್ ತಿಂದು ಕಡಿಮೆ ಕೆಲಸ ಮಾಡುತ್ತಿತ್ತು. ಅದೇ ವರ್ಷದ ಇಂಟೆಲ್ ಸ್ಯಾಂಡಿ ಬ್ರಿಜ್‌ನ ಎದುರು ಅದನ್ನು ಇಟ್ಟು ನೋಡುವಂತೆಯೇ ಇರಲಿಲ್ಲ.

ಆದರೆ ಬಿಸಿಯ ಅಪವಾದ ಎಲ್ಲ ಕಾಲಕ್ಕೂ ಒಬ್ಬರದ್ದೇ ಆಗಿರಲಿಲ್ಲ. 2004ರ ಸುಮಾರಿಗೆ ಪೆಂಟಿಯಂ 4ರ ಪ್ರೆಸ್ಕಾಟ್ ಪ್ರೊಸೆಸರ್‌ಗಳ ಕಾವು ಎಷ್ಟಿತ್ತೆಂದರೆ, ಇಂಟೆಲ್ ತಾನು ಪ್ರಕಟಿಸಿದ್ದ 4 ಗಿಗಾಹರ್ಟ್ಸ್ ಮಾದರಿಯನ್ನೇ ಕೈಬಿಡಬೇಕಾಯಿತು. ಆ ಹೊತ್ತಿಗೆ ಎಎಂಡಿ, ಹೆಚ್ಚು ಮೆಮೊರಿ ಬಳಸಲು ಬಿಡುವ 64 ಬಿಟ್ ವಿಸ್ತರಣೆಯನ್ನು 2003ರಲ್ಲೇ ಮಾರುಕಟ್ಟೆಗೆ ತಂದಾಗಿತ್ತು. ಇಟಾನಿಯಂ ಎಂಬ ಬೇರೆಯೇ ದಾರಿ ಹಿಡಿದಿದ್ದ ಇಂಟೆಲ್, ಮರುವರ್ಷ ಎಎಂಡಿಯ ವಿನ್ಯಾಸವನ್ನೇ ಒಪ್ಪಿಕೊಂಡಿತು. ಇಂದಿಗೂ ಇಂಟೆಲ್ ಯಂತ್ರಕ್ಕೆ ವಿಂಡೋಸ್ ಹಾಕುವಾಗ ಫೋಲ್ಡರುಗಳಲ್ಲಿ ‘ಎಎಂಡಿ64’ ಎಂಬ ಹೆಸರು ಕಂಡು, ನಾನು ಬೇರೆ ಮಾಲು ಹಾಕಿದೆನೇನೋ ಎಂದು ಅನುಮಾನಪಡುವ ಗಿರಾಕಿಗಳಿದ್ದಾರೆ.

2006ರಲ್ಲಿ ಕೋರ್ 2 ಡ್ಯುಯೋ ಬಂದ ಮೇಲೆ ತಕ್ಕಡಿ ಇಂಟೆಲ್ ಕಡೆಗೆ ವಾಲಿತು, ಮತ್ತು ಹತ್ತು ವರ್ಷ ಏಳಲಿಲ್ಲ. ನನ್ನ ಮಟ್ಟಿಗೆ ಆ ಅವಧಿಯ ಲೆಕ್ಕ ಬಹಳ ಸರಳವಾಗಿದೆ. 2007ರ ಜನವರಿಯಲ್ಲಿ ಬಂದ ಇಂಟೆಲ್‌ನ ಕ್ಯೂ6600 ಪ್ರೊಸೆಸರಿನಲ್ಲಿ ನಾಲ್ಕು ಕೋರ್‌ಗಳಿದ್ದವು, ಅಂದರೆ ಒಟ್ಟೊಟ್ಟಿಗೆ ಕೆಲಸ ಮಾಡುವ ನಾಲ್ಕು ಘಟಕಗಳು. 2017ರ ಜನವರಿಯಲ್ಲಿ ಬಂದ ಐ7-7700ಕೆ ಪ್ರೊಸೆಸರಿನಲ್ಲೂ ನಾಲ್ಕೇ. ನಡುವೆ ಪ್ರತಿಯೊಂದು ಕೋರ್ ಚುರುಕಾಯಿತು ಎಂಬುದು ನಿಜ, ಹೆಚ್ಚು ಕೋರ್ ಬೇಕಾದವರಿಗೆ ದುಬಾರಿ ಬೋರ್ಡಿನ (ಪ್ರೊಸೆಸರ್ ಕೂರುವ ಮದರ್‌ಬೋರ್ಡ್) ಬೇರೆ ಸಾಲು ಇತ್ತು ಎಂಬುದೂ ನಿಜ. ಆದರೆ ಅಡಿಕೆ ಮಾರಿದ ದುಡ್ಡಿನಲ್ಲಿ ಮಗನಿಗೆ ಸ್ಟುಡಿಯೋ ಹಾಕಿಕೊಡುವವರ ಕೈಗೆ ಎಟುಕುವ ಇಂಟೆಲ್‌ನಲ್ಲಿ ಇದ್ದದ್ದು ನಾಲ್ಕು ಕೋರ್ ಮಾತ್ರ. ಕಂಪ್ಯೂಟರ್ ತಯಾರಕರಿಗೆ ಷರತ್ತಿನ ರಿಯಾಯಿತಿ ಕೊಟ್ಟು ಎದುರಾಳಿಯನ್ನು ದೂರವಿಟ್ಟಿತೆಂದು 2009ರಲ್ಲಿ ಯುರೋಪಿಯನ್ ಆಯೋಗ ಇಂಟೆಲ್‌ಗೆ 106 ಕೋಟಿ ಯುರೋ ದಂಡ ವಿಧಿಸಿತ್ತು. ಆ ದಂಡವನ್ನು 2022ರಲ್ಲಿ ನ್ಯಾಯಾಲಯ ರದ್ದುಪಡಿಸಿತು, 2024ರಲ್ಲಿ ಮೇಲಿನ ನ್ಯಾಯಾಲಯ ರದ್ದತಿಯನ್ನೇ ಎತ್ತಿಹಿಡಿಯಿತು. ಹಾಗಾಗಿ ನನ್ನ ವಾದವನ್ನು ಅದರ ಮೇಲೆ ಕಟ್ಟಲಾರೆ. ರಿಯಾಯಿತಿಯ ಹಂಗಿಲ್ಲದ ನನ್ನಂಥ ಸಣ್ಣ ಅಂಗಡಿಯವರೂ ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಕಣ್ಣುಮುಚ್ಚಿ ಇಂಟೆಲ್‌ನ ನೀಲಿ ಡಬ್ಬಿಯನ್ನೇ ತರಿಸುತ್ತಿದ್ದೆವಲ್ಲ, ಆ ನಿಶ್ಚಿಂತೆಯಲ್ಲಿ ನಮ್ಮ ಪಾಲೂ ಇತ್ತು.

2014ರ ಅಕ್ಟೋಬರಿನಲ್ಲಿ ಲೀಸಾ ಸು ಎಎಂಡಿಯ ಹೊಣೆ ಹೊತ್ತಾಗ ಕಂಪನಿ ಉಳಿಯುವುದೇ ಅನುಮಾನವೆನ್ನುವ ಸ್ಥಿತಿಯಿತ್ತು. ಮರುವರ್ಷ ಅದರ ಷೇರು 2 ಡಾಲರಿಗಿಂತ ಕೆಳಗಿಳಿದಿತ್ತು. 2017ರ ಮಾರ್ಚ್‌ನಲ್ಲಿ ಎಎಂಡಿಯ ರೈಜನ್ ಸರಣಿ ಬಂತು. ಎಂಟು ಕೋರಿನ 1800ಎಕ್ಸ್‌ಗೆ 499 ಡಾಲರ್. ಇಂಟೆಲ್‌ನ ಎಂಟು ಕೋರಿನ ಪ್ರೊಸೆಸರಿಗೆ ಆಗ ಸಾವಿರ ಡಾಲರ್ ಮೀರಿದ ಬೆಲೆ. ಆಮೇಲೆ ನಡೆದದ್ದೇ ಹೆಚ್ಚು ಹೇಳುತ್ತದೆ: ಅದೇ ಅಕ್ಟೋಬರಿನಲ್ಲಿ ಇಂಟೆಲ್‌ನಿಂದ ಆರು ಕೋರಿನ 8700ಕೆ, ಮುಂದಿನ ಅಕ್ಟೋಬರಿನಲ್ಲಿ ಎಂಟು ಕೋರಿನ 9900ಕೆ. ಹತ್ತು ವರ್ಷ ಆಗದೆ ಉಳಿದದ್ದು ಹತ್ತೊಂಬತ್ತು ತಿಂಗಳಲ್ಲಿ ಆಯಿತು.

ಇದನ್ನು ಬರೀ ಸೋಮಾರಿತನವೆಂದರೆ ಅನ್ಯಾಯವಾದೀತು. ಇಂಟೆಲ್‌ನ ಕಾರ್ಖಾನೆಗಳು 10 ನ್ಯಾನೊಮೀಟರ್ ಎಂಬ ಹೊಸ ತಯಾರಿಕಾ ಹಂತದಲ್ಲಿ, ಅಷ್ಟೇ ಜಾಗದಲ್ಲಿ ಒಂದೇ ಜಿಗಿತಕ್ಕೆ 2.7 ಪಟ್ಟು ಸೂಕ್ಷ್ಮ ಸ್ವಿಚ್ಚುಗಳನ್ನು ತುರುಕಲು ಹೋಗಿ, 2019ರವರೆಗೆ ದೊಡ್ಡ ಪ್ರಮಾಣದ ಉತ್ಪಾದನೆಗೆ ಬಾರದೆ ಕಂಗೆಟ್ಟವು. ಎಎಂಡಿ 2009ರಲ್ಲೇ ಹಣದ ಕಷ್ಟಕ್ಕೆ ಕಾರ್ಖಾನೆಗಳನ್ನು ಬಿಟ್ಟುಕೊಟ್ಟಿದ್ದರಿಂದ ತೈವಾನಿನ ಚಿಪ್ ತಯಾರಕ ಟಿಎಸ್‌ಎಂಸಿಯ 7 ನ್ಯಾನೊಮೀಟರ್ ತಂತ್ರವನ್ನು ಬಳಸಿಕೊಳ್ಳಲು ಅದಕ್ಕೆ ಸಾಧ್ಯವಾಯಿತು, ಮತ್ತು 2019ರಲ್ಲಿ ಒಂದು ದೊಡ್ಡ ಚಿಪ್ಪಿನ ಬದಲು ಸಣ್ಣ ಸಣ್ಣ ಚಿಪ್ಲೆಟ್‌ಗಳನ್ನು ಜೋಡಿಸುವ ವಿಧಾನವನ್ನು ಮನೆಬಳಕೆಯ ಪ್ರೊಸೆಸರಿಗೂ ತಂದಿತು. ಅದರ ಲಾಭ ಅಡಿಕೆ ಹಾಳೆ ಒತ್ತುವವರಿಗೆ ಚೆನ್ನಾಗಿ ಗೊತ್ತು: ದೊಡ್ಡ ಊಟದ ತಟ್ಟೆ ಒತ್ತುವಾಗ ಹಾಳೆಯಲ್ಲಿ ಒಂದು ಕಡೆ ಸೀಳಿದ್ದರೆ ಇಡೀ ತಟ್ಟೆ ದಂಡ, ಅದೇ ಹಾಳೆಯಲ್ಲಿ ಸಣ್ಣ ಬಟ್ಟಲು ಒತ್ತಿದರೆ ಸೀಳಿದ ಒಂದು ಬಟ್ಟಲು ಮಾತ್ರ ಹೋಗುತ್ತದೆ.

ಸ್ಟುಡಿಯೋದವರು ಕೊನೆಗೆ ಆರು ಕೋರಿನ ರೈಜನ್ 1600 ಒಪ್ಪಿಕೊಂಡರು. 2020ರಲ್ಲಿ ಅದೇ ಬೋರ್ಡಿಗೆ, ಅದರ ಮೂಲ ಸಾಫ್ಟ್‌ವೇರ್ ಆದ ಬಯಾಸ್ ಅಪ್‌ಡೇಟ್ ಮಾಡಿ, ಎಂಟು ಕೋರಿನ 3700ಎಕ್ಸ್ ಕೂರಿಸಲು ಹೊರಟೆ. ಅವಸರದಲ್ಲಿ ಪ್ರೊಸೆಸರನ್ನು ತಣ್ಣಗಿಡುವ ಕೂಲರನ್ನು ನೇರ ಮೇಲಕ್ಕೆ ಎಳೆದಾಗ, ಇವೆರಡರ ನಡುವೆ ಶಾಖ ದಾಟಿಸಲು ಹಚ್ಚಿ ಒಣಗಿದ ಪೇಸ್ಟಿಗೆ ಕಚ್ಚಿಕೊಂಡಿದ್ದ ಹಳೆಯ ಪ್ರೊಸೆಸರ್ ಸಾಕೆಟ್ಟಿನ ಹಿಡಿ ತೆಗೆಯುವ ಮೊದಲೇ ಕಿತ್ತುಕೊಂಡು ಬಂತು. ಮೂಲೆಯ ಮೂರು ಪಿನ್‌ಗಳು ಬಾಗಿದ್ದವು. ಕಡ್ಡಿಯಿಲ್ಲದ ಮೆಕ್ಯಾನಿಕಲ್ ಪೆನ್ಸಿಲಿನ ತೂತಿಗೆ ಒಂದೊಂದೇ ಪಿನ್ ಸೇರಿಸಿ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದೆ. ಯಂತ್ರವನ್ನು ಹತ್ತು ನಿಮಿಷ ಓಡಿಸಿ ಪೇಸ್ಟ್ ಸಡಿಲವಾದ ಮೇಲೆ, ಕೂಲರನ್ನು ತಿರುಚಿ ಬಿಡಿಸಬೇಕು ಎಂಬುದು ಹುಡುಗರಿಗೆ ನಾನೇ ಹೇಳಿಕೊಡುವ ಪಾಠ. ಇಂಟೆಲ್‌ನ ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ 2004ರಿಂದ ಪಿನ್ ಇರುವುದು ಬೋರ್ಡಿನಲ್ಲಿ. ಎಎಂಡಿ ಈ ಬದಲಾವಣೆಗೆ ಬಂದದ್ದು 2022ರ ಎಎಂ5 ಸಾಕೆಟ್ಟಿನಲ್ಲಿ.

ಗೆದ್ದವರ ಕುರ್ಚಿಯಲ್ಲಿ ಕೂತ ಎಎಂಡಿಯೂ ಸ್ವಲ್ಪ ಒರಗಿಕೊಂಡಿತು. 2020ರ ಮೇ ತಿಂಗಳಲ್ಲಿ, ಹಳೆಯ ಬಿ450 ಬೋರ್ಡುಗಳಿಗೆ ಮುಂದಿನ ಪ್ರೊಸೆಸರ್ ನಡೆಯುವುದಿಲ್ಲವೆಂದು ಹೇಳಿ, ಬಳಕೆದಾರರು ಗಲಾಟೆ ಮಾಡಿದ ಮೇಲೆ ಮಾತು ಹಿಂತೆಗೆದುಕೊಂಡಿತು. ಆ ವರ್ಷದ ಕೊನೆಗೆ ಬಂದ 5600ಎಕ್ಸ್‌ನ ಬೆಲೆ, ಹಿಂದಿನ 3600ಎಕ್ಸ್‌ಗಿಂತ 50 ಡಾಲರ್ ಹೆಚ್ಚಿತ್ತು.

2024ರಲ್ಲಿ ಇಂಟೆಲ್‌ನ ಹದಿಮೂರು ಮತ್ತು ಹದಿನಾಲ್ಕನೇ ಜನರೇಷನ್ನಿನ ಕೆಲವು ಪ್ರೊಸೆಸರ್‌ಗಳು ಅತಿಯಾದ ವೋಲ್ಟೇಜ್‌ನಿಂದ ಹಾಳಾಗುತ್ತವೆಂಬುದು ಹೊರಬಿತ್ತು. ಕಂಪನಿ, ಬಯಾಸ್ ಅಪ್‌ಡೇಟಿನ ಜೊತೆ ಬರುವ ಮೈಕ್ರೋಕೋಡ್ (ಪ್ರೊಸೆಸರಿನ ಒಳಸೂಚನೆಗಳು) ತಿದ್ದಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಅದೇ ಸ್ಟುಡಿಯೋದವರ ಮಗ ಮೊನ್ನೆ ಬಂದು, “ಇಂಟೆಲ್ ಬೇಡ ಅಂಕಲ್, ಸುಟ್ಟು ಹೋಗ್ತದಂತೆ” ಎಂದ. ಯಾವ ಕ್ಯಾಮೆರಾ ಎಂದು ಕೇಳಿದೆ. ಬಣ್ಣದ ವಿವರ ಹೆಚ್ಚು ಉಳಿಸುವ 10 ಬಿಟ್, 4:2:2, ಎಚ್‌.265 ಎಂಬ ವಿಡಿಯೋ ರೂಪದಲ್ಲಿ ಚಿತ್ರೀಕರಿಸುತ್ತಾನಂತೆ. ಆ ಬಗೆಯ ಫೈಲನ್ನು ಇಂಟೆಲ್‌ನ ಒಳಗಿರುವ ಗ್ರಾಫಿಕ್ಸ್ ಭಾಗ ನೇರವಾಗಿ ಬಿಡಿಸುತ್ತದೆ, ರೈಜನ್‌ನದು ಬಿಡಿಸುವುದಿಲ್ಲ, ಎಡಿಟಿಂಗ್ ಮಾಡುವಾಗ ಟೈಮ್‌ಲೈನ್ ಮುಗ್ಗರಿಸುತ್ತದೆ. ಕೊಟೇಶನ್ನಿನ ಮೊದಲ ಸಾಲಿನಲ್ಲಿ ಹದಿನಾಲ್ಕನೇ ಜನರೇಷನ್ನಿನ ಐ7 ಎಂದು ಬರೆದು, ಅದರ ಕೆಳಗೆ “ಬಯಾಸ್ ಅಪ್‌ಡೇಟ್ ಮಾಡಿ ಕೊಡಲಾಗುವುದು” ಎಂದು ಸೇರಿಸಿದೆ. ಅಪ್ಪನನ್ನು ಕೇಳಿ ಹೇಳುತ್ತೇನೆಂದು ಹೋಗಿದ್ದಾನೆ.